ಐದು ಇಂಚಿಗೆ ಆರು

ನಮ್ಮ ಬೀದಿಯ ಟೈಲರಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದಿರಲೇಬೇಕು. ಅದು ಯಾರಿಗೂ ಬೇಕಾಗಲಿಲ್ಲ. ಅಂಗಿ ಬಿಗಿ ಎಂದರೂ, ಪ್ಯಾಂಟು ಗಿಡ್ಡ ಎಂದರೂ, ಕಾಲರು ಕತ್ತು ಹಿಸುಕುತ್ತದೆ ಎಂದರೂ ಅವನು ಬಾಯಲ್ಲಿ ಕಚ್ಚಿಕೊಂಡ ಗುಂಡುಸೂಜಿಗಳ ಸಂದಿಯಿಂದಲೇ "ಕಾಲಿಂಚು ಬಿಟ್ಟುಕೊಡ್ತೀನಿ, ಸರಿಹೋಗುತ್ತೆ" ಅನ್ನುತ್ತಿದ್ದ. ಹೀಗಾಗಿ ಕಾಲಿಂಚಣ್ಣ ಆದ. ಹಲ್ಲುನೋವು ಎಂದು ಗೋಳಾಡಿಕೊಂಡು ದಾರಿ ತಪ್ಪಿ ಅಂಗಡಿಗೆ ನುಗ್ಗಿದವನೊಬ್ಬನಿಗೂ ಕಾಲಿಂಚು ಬಿಟ್ಟುಕೊಡುವುದಾಗಿ ಹೇಳಿದನಂತೆ. ಅವನ ಹಲ್ಲು ವಾಸಿಯಾಯಿತೆಂದೂ ಸುದ್ದಿ.

ಅಂಗಡಿ ಎಂಟಡಿಗೆ ಆರಡಿ. ಅದರಲ್ಲಿ ಕಾಲಲ್ಲಿ ತುಳಿಯುವ ಮೆಷಿನ್ನು ಒಂದು, ನಿಲುಗನ್ನಡಿ ಒಂದು, ಬಟ್ಟೆ ಕತ್ತರಿಸುವ ಮೇಜು ಒಂದು. ಕನ್ನಡಿ ಒಂಚೂರು ಓರೆಯಾಗಿದ್ದರಿಂದ ಅದರಲ್ಲಿ ಗಿಡ್ಡ ಪ್ಯಾಂಟು ಉದ್ದ ಕಾಣುತ್ತಿತ್ತು. ಮನೆಗೆ ಹೋದಮೇಲೆ ಮತ್ತೆ ಗಿಡ್ಡವಾಗುತ್ತಿತ್ತು. ಗೋಡೆಯ ಮೊಳೆಗೆ ಅಳತೆ ಪುಸ್ತಕ ನೇತಾಡುತ್ತಿತ್ತು. ಗಿರಾಕಿಯ ಎದೆ, ಸೊಂಟ, ತೋಳು, ಪಕ್ಕದಲ್ಲಿ ಅವರವರ ಬಟ್ಟೆಯ ಉಗುರಿನಷ್ಟು ಚೂರು, ಅದಕ್ಕೊಂದು ಗುಂಡುಸೂಜಿ. ಒಬ್ಬರ ಬಟ್ಟೆಯಲ್ಲಿ ಇನ್ನೊಬ್ಬರ ಅಂಗಿ ಹೊಲಿದುಬಿಡಬಾರದಲ್ಲ, ಅದಕ್ಕೆ. ಇನ್ನು ಮೇಜಿನ ಕೆಳಗೆ ಒಂದು ಮರದ ಪೆಟ್ಟಿಗೆ. ಈ ಕಥೆಗೆ ಬೇಕಾದದ್ದು ಆ ಪೆಟ್ಟಿಗೆ.

ಎರಡು ಮೀಟರು ಸಾಕಾಗುವ ಕಡೆ ಕಾಲಿಂಚಣ್ಣ "ಎರಡೂಕಾಲು ತನ್ನಿ" ಅನ್ನುತ್ತಿದ್ದ. ಗಿರಾಕಿಯ ಎದುರಿಗೇ ಬಟ್ಟೆ ಹರವಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಹವಾಮಾನದ ಬಗ್ಗೆ ಎರಡು ಮಾತಾಡುತ್ತ ಕತ್ತರಿ ಓಡಿಸುತ್ತಿದ್ದ. ಅಂಗೈಯಗಲದ ತುಂಡೊಂದು ಮೇಜಿನಂಚಿನಿಂದ ಜಾರುತ್ತಿತ್ತು. ಅದು ನೆಲ ಮುಟ್ಟುವ ಮೊದಲೇ ಎಡಗಾಲಿನ ಹೆಬ್ಬೆರಳು ಹಿಡಿದು, ಮಡಚಿ, ಪೆಟ್ಟಿಗೆಗೆ ಹಾಕಿ, ಮುಚ್ಚಳ ಮುಚ್ಚುತ್ತಿತ್ತು. ಆ ಹೆಬ್ಬೆರಳಿಗೆ ಅಕ್ಷರ ಕಲಿಸಿದ್ದರೆ ಅಂಚೆ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಖಾತ್ರಿ ಇತ್ತು.

ಪೆಟ್ಟಿಗೆ ತುಂಬಿದಾಗ ಅದು ಮನೆಗೆ ಹೋಗುತ್ತಿತ್ತು. ಮನೆಯಲ್ಲಿ ಅವನ ಹೆಂಡತಿ, ಬೀದಿಗೆಲ್ಲ ಅತ್ತಿಗೆ, ಆ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ಮೂವತ್ತೊಂದು ವರ್ಷದಿಂದ ಅದೇ ಒಂದು ಕೌದಿ. ಅದನ್ನು ಒಗೆದು ಹರವಿದ ದಿನ ನಮ್ಮ ಬೀದಿಯಲ್ಲಿ ಮಧ್ಯಾಹ್ನ ಆಗುತ್ತಿರಲಿಲ್ಲ. ಬೆಳಗಿನಿಂದ ನೇರ ಸಂಜೆ.

ಗಿರಾಕಿಗಳು ಬೇಡವೆಂದು ಬಿಟ್ಟುಹೋದ ಚೂರುಗಳು ಎಂದು ಅವನು ಹೇಳಿದ್ದ, ಅತ್ತಿಗೆ ನಂಬಿದ್ದಳು. ನಂಬಿಕೆಗೆ ಕಾರಣ ಇತ್ತು. ಮದುವೆಗೆ ಮೊದಲು ಅವಳು ಅವನ ಗಿರಾಕಿ. ಅಕ್ಕನ ಮದುವೆಗೆಂದು ಕೆಂಪು ಹೂವಿನ ಬಟ್ಟೆ ತಂದು ಮುಂಗೈವರೆಗೆ ತೋಳಿರುವ ಗೌನು ಹೊಲಿಯಲು ಕೊಟ್ಟಿದ್ದಳು. ತೋಳು ಮೊಳಕೈ ದಾಟಿ ಸ್ವಲ್ಪ ದೂರಕ್ಕೇ ನಿಂತಿತ್ತು. ಜಗಳಕ್ಕೆ ಹೋದಳು.

"ಎದುರಿಗೆ ನಿಂತು, ಕಣ್ಣಲ್ಲಿ ನೀರು ತುಂಬ್ಕೊಂಡು, 'ಬಟ್ಟೆ ಸಾಲ್ಲಿಲ್ಲ ಕಣ್ರೀ, ತಪ್ಪು ನಂದೇ, ಮೊದಲೇ ಹೇಳ್ಬೇಕಿತ್ತು' ಅಂದ್ರು. ಸುಳ್ಳು ಹೇಳೋಕೆ ಬರದ ಮನುಷ್ಯ ಅಂತ ಅವತ್ತೇ ತೀರ್ಮಾನ ಮಾಡ್ಬಿಟ್ಟೆ," ಎಂದು ಅತ್ತಿಗೆ ಈ ಕಥೆಯನ್ನು ಬೀದಿಯ ಪ್ರತಿಯೊಬ್ಬರಿಗೂ ಹೇಳಿದ್ದಳು. ಕೆಲವರಿಗೆ ವರ್ಷಕ್ಕೊಂದು ಸಲದಂತೆ ಹೇಳಿದ್ದಳು. ಮದುವೆಯಾದಮೇಲೆ ಮೊದಲ ಪೆಟ್ಟಿಗೆಯಲ್ಲಿ ಅದೇ ಕೆಂಪು ಹೂವಿನ ತುಂಡು ಸಿಕ್ಕಿದಾಗ, "ನಿನ್ನ ನೆನಪಿಗೆ ಅಂಗಡಿ ಅಂಗಡಿ ಸುತ್ತಿ ಹುಡುಕಿದೆ" ಅಂದಿದ್ದ. ಅವಳು ಅದನ್ನು ಕೌದಿಯ ನಟ್ಟನಡುವೆ ಇಟ್ಟು, ಸುತ್ತಲೂ ಉಳಿದದ್ದನ್ನು ಕಟ್ಟುತ್ತ ಬಂದಿದ್ದಳು.

ಹೀಗೆ ಅವರ ಸಂಸಾರ ನಿಂತದ್ದು ಆ ಒಂದು ತುಂಡಿನ ಮೇಲೆ. ಕಾಲಿಂಚಣ್ಣನಿಗೆ ಪೊಲೀಸರ ಭಯ ಇರಲಿಲ್ಲ, ನೆರೆಯವರ ಭಯ ಇರಲಿಲ್ಲ. ಹೆಂಡತಿಗೆ ಗೊತ್ತಾಗಬಾರದು, ಅಷ್ಟೇ.

ಒಂದು ಸೋಮವಾರ ಹೀಬ್ರೂ ಮೇಷ್ಟ್ರು ಕೋಟು ಹೊಲಿಸಲು ಬಂದರು. ನಲವತ್ತು ವರ್ಷ ಧರ್ಮಶಾಸ್ತ್ರದ ಶಾಲೆಯಲ್ಲಿ ಹೀಬ್ರೂ ಜನರ ಹಳೆಯ ಗ್ರಂಥಗಳನ್ನು ಪಾಠ ಹೇಳಿ ನಿವೃತ್ತರಾದವರು. ಭಾನುವಾರ ಗ್ರಂಥಾಲಯದಲ್ಲಿ 'ದೇವರ ತೀರ್ಪು' ಎಂಬ ವಿಷಯದ ಮೇಲೆ ಭಾಷಣವಿತ್ತು. ಕೋಟು ಅದಕ್ಕೇ. ಅವರಿಗೆ ಸುಮ್ಮನೆ ನಿಲ್ಲಲು ಬರುತ್ತಿರಲಿಲ್ಲ. ಕಾಲಿಂಚಣ್ಣ ಎದೆಗೆ ಟೇಪು ಸುತ್ತಿದ್ದೇ ತಡ, ಭಾಷಣದ ತಾಲೀಮು ಶುರುವಾಯಿತು.

"ನೋಡಿ ಟೈಲರಣ್ಣ, ಒಂದು ಪಟ್ಟಣ ಗೆದ್ದಿದ್ದಾರೆ. ಅಲ್ಲಿನ ಯಾವ ವಸ್ತುವನ್ನೂ ಮುಟ್ಟಬಾರದು ಅಂತ ದೇವರ ಅಪ್ಪಣೆ. ಒಬ್ಬ ಮುಟ್ಟಿದ. ಏನು ಮುಟ್ಟಿದ ಹೇಳಿ?"

"ಚಿನ್ನ?"

"ಚಿನ್ನ ಬೆಳ್ಳಿ ಆಮೇಲೆ. ಮೊದಲು ಒಂದು ನಿಲುವಂಗಿ. ದೂರದೇಶದ್ದು, ಬಹಳ ಚಂದದ್ದು."

ಕಾಲಿಂಚಣ್ಣನ ಬಾಯಿಂದ ಒಂದು ಗುಂಡುಸೂಜಿ ಬಿತ್ತು.

"ಗುಡಾರದ ನೆಲ ಅಗೆದು ಬಚ್ಚಿಟ್ಟ. ಯಾರೂ ನೋಡಲಿಲ್ಲ. ಮುಂದಿನ ಯುದ್ಧ ಸೋತರು, ಮೂವತ್ತಾರು ಜನ ಸತ್ತರು. ನಾಯಕ ನೆಲಕ್ಕೆ ಬಿದ್ದು ಗೋಳಾಡಿದರೆ ದೇವರು, 'ಏಳು ಮೇಲೆ, ಕಳ್ಳ ನಿಮ್ಮೊಳಗೇ ಇದ್ದಾನೆ' ಅಂತಾನೆ. ಮಾರನೇ ಬೆಳಗ್ಗೆ ಹುಡುಕಿದರು. ಹೇಗೆ ಗೊತ್ತಾ? ಹನ್ನೆರಡು ಕುಲದಲ್ಲಿ ಒಂದು ಕುಲ. ಆ ಕುಲದಲ್ಲಿ ಒಂದು ವಂಶ. ವಂಶದಲ್ಲಿ ಒಂದು ಮನೆ. ಮನೆಯಲ್ಲಿ ಒಬ್ಬ ಮನುಷ್ಯ."

"ಬಿಗಿ ಆಗ್ತಿದೆಯಾ ಮೇಷ್ಟ್ರೇ?"

"ನನಗಿಲ್ಲ. ಅವನಿಗೆ ಆಗಿರಬೇಕು. ಕೊನೆಗೆ ಒಪ್ಪಿಕೊಂಡ: ಕಂಡೆ, ಆಸೆಪಟ್ಟೆ, ತಗೊಂಡೆ, ಬಚ್ಚಿಟ್ಟೆ. ನಾಲ್ಕೇ ಮಾತು. ನೀವಾಗಿದ್ದರೆ ಏನು ಶಿಕ್ಷೆ ಕೊಡ್ತಿದ್ರಿ?"

ಕಾಲಿಂಚಣ್ಣ ವೃತ್ತಿಯ ಗಾಂಭೀರ್ಯದಿಂದ ಯೋಚಿಸಿದ. "ಅಂಗಿ ವಾಪಸ್ಸು ಕೊಟ್ಟರೆ ಆಗಲ್ವಾ?"

"ಅವನಿಗೆ ಆಗಲಿಲ್ಲ. ಕಲ್ಲು ಹೊಡೆದು ಕೊಂದರು. ಆದರೆ ಸಣ್ಣಪುಟ್ಟ ಕಳ್ಳತನಕ್ಕೆ ಅದೇ ಗ್ರಂಥದಲ್ಲಿ ಬೇರೆ ದಾರಿ ಇದೆ. ತಗೊಂಡದ್ದನ್ನ ಪೂರ್ತಿ ಕೊಡಬೇಕು, ಮೇಲೆ ಐದರಲ್ಲೊಂದು ಭಾಗ ಸೇರಿಸಬೇಕು. ಮೊದಲು ಕಳಕೊಂಡವನ ಮನೆ, ಆಮೇಲೆ ದೇವರ ಮನೆ. ಇತ್ತ ಅವನ ಜೊತೆ ಸರಿಮಾಡಿಕೊಳ್ಳದೆ ಅತ್ತ ಹೋದರೆ ಬಾಗಿಲೇ ತೆಗೆಯಲ್ಲ."

"ಅಷ್ಟು ಸಣ್ಣದನ್ನೆಲ್ಲ ದೇವರು ಹೆಂಗೆ ನೆನಪಿಟ್ಕೋತಾನೆ ಮೇಷ್ಟ್ರೇ?"

"ಪುಸ್ತಕ ಇದೆಯಂತೆ. ತೀರ್ಪಿನ ದಿನ ತೆರೀತಾರಂತೆ."

ಕಾಲಿಂಚಣ್ಣ ಮೊಳೆಗೆ ನೇತಾಡುತ್ತಿದ್ದ ಅಳತೆ ಪುಸ್ತಕದ ಕಡೆ ನೋಡಿದ. ಅದು ಗಾಳಿಗೆ ತಾನಾಗಿಯೇ ಒಂದು ಪುಟ ತಿರುವಿತು. ಅವನ ಎಡಗಾಲು ಅಷ್ಟು ಹೊತ್ತಿಗಾಗಲೇ ಮೇಷ್ಟ್ರ ಹೊಸ ಬೂದು ಬಟ್ಟೆಗಾಗಿ ಮೇಜಿನ ಕೆಳಗೆ ಕಾಯುತ್ತಿತ್ತು. ವೃತ್ತಿಜೀವನದಲ್ಲಿ ಮೊದಲ ಬಾರಿಗೆ ಅದಕ್ಕೆ ರಜೆ ಸಿಕ್ಕಿತು. ಉಳಿದ ತುಂಡನ್ನು ಮಡಚಿ ಮೇಷ್ಟ್ರ ಕೈಗೆ ಕೊಟ್ಟ.

ಮೇಷ್ಟ್ರು ತುಂಡನ್ನೂ ಅವನನ್ನೂ ನೋಡಿದರು. "ಉಳೀತಾ? ನಿಮ್ಮಲ್ಲಿ?"

"ಉಳೀತು."

"ಹುಷಾರಾಗಿದ್ದೀರಾ ತಾನೇ?" ಎಂದು ಕೇಳಿ ಹೋದರು.

ಮಧ್ಯಾಹ್ನ ಮನೆಗೆ ಹೋದರೆ ಅತ್ತಿಗೆಯ ಮುಖ ಹೊಳೆಯುತ್ತಿತ್ತು. "ರೀ, ಭಾನುವಾರ ಗ್ರಂಥಾಲಯದ ದೊಡ್ಡ ಕೋಣೇಲಿ ಕೈಕೆಲಸದ ಪ್ರದರ್ಶನ ಇದೆಯಂತೆ, ಮೇಷ್ಟ್ರ ಭಾಷಣ ಆದಮೇಲೆ. ನಮ್ಮ ಕೌದಿ ತೂಗುಹಾಕ್ತಾರೆ. ಊರಿಗೆ ಊರೇ ಬರುತ್ತೆ!"

ಅವನು ಕುಡಿಯುತ್ತಿದ್ದ ನೀರು ಮೂಗಿನಿಂದ ಬಂತು. ಆ ಕೌದಿಯಲ್ಲಿ ಊರಿಗೆ ಊರೇ ಮೊದಲಿನಿಂದಲೂ ಇತ್ತು.

"ಅದು ಹಳೇದು ಕಣೇ. ನುಸಿ ಹಿಡಿದಿದೆ."

"ನಿನ್ನೆ ತಾನೇ ಬಿಸಿಲಿಗೆ ಹಾಕಿದ್ದೆ."

"ಬಣ್ಣ ಹೋಗುತ್ತೆ."

"ಗೋಡೆ ಮೇಲೆ ನೇತಾಕಿದ್ರೆ ಬಣ್ಣ ಎಲ್ಲಿಗ್ರೀ ಹೋಗುತ್ತೆ? ಮೂವತ್ತೊಂದು ವರ್ಷ ಹೊಲಿದಿದ್ದೀನಿ, ಒಂದು ದಿನ ನಾಲ್ಕು ಜನ ನೋಡಿದ್ರೆ ನಿಮ್ಮ ಗಂಟೇನು ಹೋಯ್ತು?" ಎಂದಳು. "ಆಗಲೇ ಕೊಟ್ಟು ಬಂದಾಯ್ತು, ಬಿಡಿ."

ಆರು ದಿನ ಉಳಿದಿತ್ತು. ಕಾಲಿಂಚಣ್ಣ ಅಂಗಡಿಯ ಬಾಗಿಲು ಎಳೆದುಕೊಂಡು ಅಳತೆ ಪುಸ್ತಕ ತೆರೆದ. ಕೌದಿ ಕೈಗೆ ಸಿಗುವಂತಿರಲಿಲ್ಲ, ಸಿಕ್ಕಿದ್ದರೂ ಬಿಚ್ಚುವ ಧೈರ್ಯ ಇರಲಿಲ್ಲ. ಹಾಗಾಗಿ ತುಂಡಿಗೆ ಬದಲು ಹೊಸ ತುಂಡು, ಮೇಲೆ ಐದರಲ್ಲೊಂದು ಪಾಲು. ತನ್ನ ಅಂಗಡಿಯ ಬಟ್ಟೆ ಹರಿದ, ಸಾಲದೆ ಅಂಗಡಿಯ ಪರದೆ ಹರಿದ, ಅದೂ ಸಾಲದೆ ತನ್ನ ಎರಡು ಲುಂಗಿ ಹರಿದ. ಮಂಗಳವಾರ ಬೆಳಗ್ಗೆ ಹೊರಟಾಗ ಬೆನ್ನ ಮೇಲಿದ್ದ ಗಂಟು ಎಷ್ಟಿತ್ತೆಂದರೆ, ಹಿಂದಿನಿಂದ ಬಂದವರಿಗೆ ಗಂಟೇ ಎರಡು ಕಾಲು ಬೆಳೆಸಿಕೊಂಡು ನಡೆಯುತ್ತಿರುವಂತೆ ಕಂಡಿತು.

ಮೊದಲು ಬೇಕರಿಯವನು. ಒಲೆಯ ಬಾಯಿಂದ ಬನ್ನು ತೆಗೆಯುತ್ತಲೇ ಕಾಲಿಂಚಣ್ಣನ ತಪ್ಪೊಪ್ಪಿಗೆ ಕೇಳಿದ.

"ಇದನ್ನ ಹೇಳೋಕೆ ಬಂದ್ಯಾ? ಗೊತ್ತಿತ್ತಲ್ಲ ಮಾರಾಯ."

"ಏನು ಗೊತ್ತಿತ್ತು?"

"ನೀನು ಎರಡೂಕಾಲು ಅಂದ್ರೆ ಎರಡು ನಂಗೆ, ಕಾಲು ನಿಂಗೆ ಅಂತ. ನಮ್ಮಪ್ಪ ಸಾಯೋವಾಗ ಹೇಳಿದ್ದು ಎರಡೇ ಮಾತು. ಒಂದು ಹುಳಿಹಿಟ್ಟಿನ ಹದ. ಇನ್ನೊಂದು ಇದು."

ಶಾಲೆಯ ಹೆಡ್‌ಮಿಸ್ಸು ಇನ್ನೂ ಮರ್ಯಾದಸ್ಥರು. ಅವರು ಕನ್ನಡಕದ ಮೇಲಿನಿಂದ ನೋಡಿ, "ನೀವು ತಗೊಳ್ತಿದ್ದದ್ದು ಸರಿ ಅಲ್ಲ. ನಾವು ಸುಮ್ಮನಿದ್ದದ್ದೂ ಸರಿ ಅಲ್ಲ. ಆದರೆ ನಿಮ್ಮ ಕಾಲರು ಚೆನ್ನಾಗಿ ಕೂರುತ್ತೆ," ಎಂದು ತೀರ್ಪು ಕೊಟ್ಟು ತುಂಡನ್ನು ವಾಪಸ್ಸು ಮಾಡಿದರು. ಬದಲಿಗೆ ಅವನ ಕೈಗೆ ಸೀಮೆಸುಣ್ಣದ ಡಬ್ಬಿಯೊಂದನ್ನು ಕೊಟ್ಟರು. ಯಾಕೆಂದು ಅವನಿಗೂ ಗೊತ್ತಾಗಲಿಲ್ಲ, ಅವರಿಗೂ ಗೊತ್ತಿರಲಿಕ್ಕಿಲ್ಲ.

ಮನೆ ಮನೆಯಲ್ಲೂ ಇದೇ. ಗಂಟು ಕಡಿಮೆಯಾಗುವ ಬದಲು ಬೆಳೆಯಿತು. ಕೆಲವರು ತಮ್ಮ ಹಳೇ ಬಟ್ಟೆಯನ್ನೂ ಅದಕ್ಕೆ ಸೇರಿಸಿ ಕಳಿಸಿದರು. ಮೂವತ್ತೊಂದು ವರ್ಷ ತಾನು ಗುಟ್ಟಾಗಿ ಕದ್ದೆ ಎಂದುಕೊಂಡವನಿಗೆ, ಇಡೀ ಊರೇ ಪೆಟ್ಟಿಗೆಯ ಮುಚ್ಚಳ ಎತ್ತಿ ಹಿಡಿದಿತ್ತು ಎಂದು ಗೊತ್ತಾದಾಗ ಸಮಾಧಾನವಾಗಬೇಕಿತ್ತು. ಆಗಲಿಲ್ಲ; ಕಸುಬಿಗೆ ಅವಮಾನವಾದಂತಾಯಿತು. ಪ್ರತಿ ಮನೆಯಲ್ಲೂ ಕೊನೆಗೆ ಒಂದೇ ಮಾತು ಕೇಳಿಕೊಂಡ: "ನಮ್ಮನೆಯವಳಿಗೆ ಮಾತ್ರ ಹೇಳಬೇಡಿ. ಭಾನುವಾರ ಕೌದಿ ನೋಡಿದಾಗ ನಿಮ್ಮ ಬಟ್ಟೆ ಗುರುತು ಸಿಕ್ಕಿದ್ರೂ ಬಾಯಿ ಬಿಡಬೇಡಿ."

"ಇಷ್ಟು ವರ್ಷ ಹೇಳಿದ್ದೀವಾ?" ಎಂದರು ಎಲ್ಲರೂ.

ಶನಿವಾರ ಕೊನೆಯ ಮನೆ ಇಸ್ತ್ರಿ ಅಕ್ಕನದು. ಇಸ್ತ್ರಿ ಪೆಟ್ಟಿಗೆ ಉಜ್ಜುತ್ತಲೇ ಕೇಳಿಸಿಕೊಂಡಳು. ಉಳಿದವರಂತೆ ನಗಲಿಲ್ಲ.

"ನಂಗೆ ಗೊತ್ತಿರ್ಲಿಲ್ಲ," ಅಂದಳು. "ನನ್ನ ಮಗ ಶಾಲೆಗೆ ಸೇರಿದಾಗ ನೀಲಿ ಪ್ಯಾಂಟು ಹೊಲಿಸಿದ್ದೆ. ಬೆಳೆಯೋ ಹುಡುಗ, ಕೆಳಗೆ ಮಡಿಕೆ ಬಿಡಿ, ಬಿಚ್ಚಿ ಇನ್ನೊಂದು ವರ್ಷ ಹಾಕ್ಕೋತಾನೆ ಅಂತ ಅದಕ್ಕೇ ಅಂತ ಹೆಚ್ಚು ಬಟ್ಟೆ ತಂದಿದ್ದೆ. ವರ್ಷ ಬಿಟ್ಟು ಬಿಚ್ಚಿದ್ರೆ ಒಳಗೆ ಏನೂ ಇಲ್ಲ. ನಾನೇ ಅಂಗಡೀಲಿ ಅಳತೆ ತಪ್ಪಿದೆ ಅಂದ್ಕೊಂಡೆ. ಆ ವರ್ಷವೆಲ್ಲ ಗಿಡ್ಡ ಪ್ಯಾಂಟಲ್ಲೇ ಹೋದ. ಶಾಲೇಲಿ ಅವನನ್ನ ಕೊಕ್ಕರೆ ಅಂತಿದ್ರು."

ಕಾಲಿಂಚಣ್ಣ ಹೊಸ ನೀಲಿ ತುಂಡನ್ನು ಮುಂದೆ ಹಿಡಿದ. ಐದರಲ್ಲೊಂದು ಸೇರಿಸಿದ್ದ.

"ಅವನೀಗ ಆರಡಿ ಇದ್ದಾನೆ, ಲಾರಿ ಓಡಿಸ್ತಾನೆ. ಇದನ್ನ ಅವನಿಗೆ ಎಲ್ಲಿಗೆ ಸೇರಿಸ್ಲಿ ಅಣ್ಣ?"

ಕಾಲಿಂಚಣ್ಣನ ಬಾಯಿಗೆ ಕಾಲಿಂಚು ಎಂಬ ಮಾತು ಬಂತು. ನುಂಗಿದ.

"ಅತ್ತಿಗೆಗೆ ಹೇಳಲ್ಲ," ಅಂದಳು ಅವಳು. "ನಿಮಗೋಸ್ಕರ ಅಲ್ಲ."

ಭಾನುವಾರ ಮೇಷ್ಟ್ರು ಹೊಸ ಕೋಟಿನಲ್ಲಿ ದೇವರ ತೀರ್ಪಿನ ಬಗ್ಗೆ ಎರಡು ಗಂಟೆ ಮಾತಾಡಿದರು. ಜನ ಎಷ್ಟು ಶಾಂತವಾಗಿ ಕೇಳಿದರೆಂದರೆ ಮುಂದಿನ ಸಾಲಿನ ಮೂವರನ್ನು ಕೊನೆಗೆ ಅಲುಗಾಡಿಸಿ ಎಬ್ಬಿಸಬೇಕಾಯಿತು. ಆಮೇಲೆ ಎಲ್ಲರೂ ದೊಡ್ಡ ಕೋಣೆಗೆ ನಡೆದರು. ಕೌದಿ ಒಂದು ಗೋಡೆಗೆ ಸಾಲದೆ ಮೂಲೆಯಲ್ಲಿ ತಿರುಗಿ ಎರಡನೇ ಗೋಡೆಯನ್ನೂ ಅರ್ಧ ಹಿಡಿದಿತ್ತು. ಪಕ್ಕದಲ್ಲಿ ಅತ್ತಿಗೆ ತಲೆ ಬಾಚಿ, ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ನಿಂತಿದ್ದಳು.

ಊರು ಮಾತು ಉಳಿಸಿಕೊಂಡಿತು. ಯಾರೂ ಬಾಯಿ ಬಿಡಲಿಲ್ಲ. ಆದರೆ ಕಣ್ಣುಗಳಿಂದ ಕಾಲಿಂಚಣ್ಣ ಯಾವ ಮಾತನ್ನೂ ತೆಗೆದುಕೊಂಡಿರಲಿಲ್ಲ. ಬೇಕರಿಯವನು ಬಂದ, ಎಡಗಡೆಯ ಒಂದು ಕಂದು ಚೌಕದ ಮುಂದೆ ನಿಂತ, ಬೆರಳಿನಿಂದ ಮುಟ್ಟಿದ, ಕೆಮ್ಮಿದ, ಹೋದ. ಹೆಡ್‌ಮಿಸ್ಸು ಬಲಮೂಲೆಯ ಒಂದು ಪಟ್ಟೆಪಟ್ಟೆಯ ಮುಂದೆ ಕನ್ನಡಕ ಒರೆಸಿಕೊಂಡರು. ಒಬ್ಬೊಬ್ಬರೂ ಒಂದೊಂದೇ ಕಡೆ ನಿಂತು, ಒಂದೊಂದನ್ನೇ ಸವರಿ, "ಚೆನ್ನಾಗಿದೆ ಅತ್ತಿಗೆ" ಎಂದು ನೆಲ ನೋಡಿಕೊಂಡು ಸರಿದರು. ಇಸ್ತ್ರಿ ಅಕ್ಕ ಕೆಳಗಿನ ಸಾಲಿನ ನೀಲಿಯ ಮುಂದೆ ಎಲ್ಲರಿಗಿಂತ ಹೆಚ್ಚು ಹೊತ್ತು ಕೂತಳು.

ಅತ್ತಿಗೆಯ ಹುಬ್ಬು ಮೆಲ್ಲಗೆ ಹತ್ತಿರ ಬರತೊಡಗಿತು.

ಆಗ ಮೇಷ್ಟ್ರು ಬಂದರು. ಅವರ ಮನೆಗೆ ಕಾಲಿಂಚಣ್ಣ ಹೋಗಿರಲಿಲ್ಲ. ಹೊಸ ಕೋಟಿನ ತುಂಡನ್ನು ಪ್ರಾಮಾಣಿಕವಾಗಿ ಕೊಟ್ಟಾಗಿದೆ, ಅವರ ಲೆಕ್ಕ ಚುಕ್ತಾ ಎಂದು ಅವನ ಸಮಾಧಾನ. ಇಪ್ಪತ್ತು ವರ್ಷದ ಹಿಂದಿನ ಕೋಟು ಮರೆತೇಹೋಗಿತ್ತು. ಹಾಗಾಗಿ ಬಾಯಿ ಬಿಡಬಾರದೆಂದು ಇಡೀ ಊರಿನಲ್ಲಿ ಯಾರಾದರೊಬ್ಬರಿಗೆ ಗೊತ್ತಿಲ್ಲದಿದ್ದರೆ ಅದು ಅವರಿಗೆ.

"ಅರೆರೆ!" ಎಂದು ಮೇಷ್ಟ್ರು ಭಾಷಣದ ದನಿಯಲ್ಲೇ ಕೂಗಿದರು. "ಇದು ನನ್ನ ಹಳೇ ಕೋಟಿನ ಬಟ್ಟೆ! ಕೋಟು ನಾಲ್ಕು ವರ್ಷ ಬಾಳಲಿಲ್ಲ, ಇದು ನೋಡಿ, ಹೊಸದರ ಹಾಗಿದೆ! ಆಗ ಒಂದು ಜೇಬಿಗೆ ಬಟ್ಟೆ ಸಾಲಲಿಲ್ಲ ಅಂದಿದ್ರಿ ಟೈಲರಣ್ಣ, ನೆನಪಿದೆಯಾ?"

ಕೋಣೆಯಲ್ಲಿ ನಲವತ್ತು ಜನ ಇದ್ದರು. ನಲವತ್ತು ಜನವೂ ಒಟ್ಟಿಗೆ ಚಾವಣಿ ನೋಡಿದರು. ಅಲ್ಲಿ ಏನೂ ಇರಲಿಲ್ಲ.

ಅತ್ತಿಗೆ ಚಾವಣಿ ನೋಡಲಿಲ್ಲ. ಮೊದಲು ಊರನ್ನು ನೋಡಿದಳು. ಆಮೇಲೆ ಬೀದಿಯವರನ್ನು. ಆಮೇಲೆ ಬಾಗಿಲ ಹತ್ತಿರ ನಿಂತಿದ್ದ ಗಂಡನನ್ನು. ಆಮೇಲೆ ತಿರುಗಿ, ಕೌದಿಯ ನಟ್ಟನಡುವೆ ಇದ್ದ ಕೆಂಪು ಹೂವನ್ನು.

"ಮನೆಗೆ ನಡೀರಿ," ಎಂದಳು.

ಅವರು ಹೋದಮೇಲೆ ಬಹುಮಾನ ಘೋಷಣೆಯಾಯಿತು. ಕೌದಿಗೆ ಮೊದಲ ಬಹುಮಾನ ಬಂತು, ಸಾಮೂಹಿಕ ಕೆಲಸದ ವಿಭಾಗದಲ್ಲಿ.

ಮನೆಯಲ್ಲಿ ಅತ್ತಿಗೆ ತನ್ನ ಬಟ್ಟೆಯ ಟ್ರಂಕಿನ ತಳದಿಂದ ಆ ಹಳೇ ಗೌನು ತೆಗೆದಳು. ಸಂಜೆ ಕೌದಿ ಮರಳಿ ಬಂದಾಗ ಅದರ ಮೇಲೆ ಹರವಿ, ತೋಳಿನ ತುದಿಯನ್ನು ನಡುವಿನ ತುಂಡಿನ ಅಂಚಿಗೆ ತಂದು ಹಿಡಿದಳು. ತೋಳಿನಲ್ಲಿ ಅರ್ಧ ಹೂವು ಇತ್ತು. ತುಂಡಿನಲ್ಲಿ ಉಳಿದ ಅರ್ಧ.

"ಅಂಗಡಿ ಅಂಗಡಿ ಸುತ್ತಿ ಹುಡುಕಿದ್ರಿ, ಅಲ್ವಾ?"

ಕಾಲಿಂಚಣ್ಣ ನಿಂತೇ ಇದ್ದ. ಕೂರು ಎಂದು ಯಾರೂ ಹೇಳಿರಲಿಲ್ಲ. "ಕಂಡೆ," ಅಂದ. "ಚೆನ್ನಾಗಿತ್ತು. ಕತ್ತರಿಸಿದೆ. ಬಚ್ಚಿಟ್ಟೆ."

"ಅಕ್ಕನ ಮದುವೇಲಿ ನಮ್ಮಮ್ಮ ನನ್ನ ಬೈದಿದ್ದು ನಿಮಗೆ ಗೊತ್ತಾ? ಬಟ್ಟೆ ತರೋಕೂ ಬರಲ್ಲ ನಿಂಗೆ ಅಂತ, ಅಷ್ಟು ಜನರ ಮುಂದೆ. ಇಡೀ ದಿನ ಕೈ ಕಟ್ಕೊಂಡು ನಿಂತಿದ್ದೆ, ತೋಳು ಕಾಣಬಾರದು ಅಂತ. ಆಮೇಲೆ ನಿಮ್ಮ ಹತ್ರ ಜಗಳಕ್ಕೆ ಬಂದು, ನಿಮ್ಮ ಕಣ್ಣೀರು ನೋಡಿ, ನಿಮ್ಮನ್ನೇ ಮದುವೆ ಆದೆ."

"ಕಣ್ಣೀರು ನಿಜ ಕಣೇ. ನೀನು ಅಷ್ಟು ಕೋಪದಲ್ಲಿ ಬಂದಿದ್ದೆ, ಹೆದರಿಬಿಟ್ಟಿದ್ದೆ."

ಅತ್ತಿಗೆಗೆ ನಗು ಬಂದಿರಬಹುದು. ಬಂದಿದ್ದರೂ ಹೊರಗೆ ಬಿಡಲಿಲ್ಲ. ಅವನು ಮನೆ ಮನೆ ಅಲೆದದ್ದನ್ನೂ, ಯಾರು ಏನಂದರೆಂಬುದನ್ನೂ, ಇಸ್ತ್ರಿ ಅಕ್ಕನ ಮಗನ ಪ್ಯಾಂಟಿನ ಕಥೆಯನ್ನೂ ಒಂದೊಂದಾಗಿ ಹೇಳಿಸಿದಳು.

"ಮೇಷ್ಟ್ರು ಬೆಳಗ್ಗೆ ಏನೋ ಹೇಳಿದ್ರಲ್ಲ. ಎಷ್ಟು ಸೇರಿಸಿ ಕೊಡ್ಬೇಕು?"

"ಐದರಲ್ಲೊಂದು."

"ನನ್ನ ತೋಳಿಗೆ ಐದಿಂಚು ಕಡಿಮೆ ಆಗಿತ್ತು. ಆರು ಕೊಡಿ. ಬದಲಿ ಬಟ್ಟೆ ಬೇಡ, ನಂದೇ ಬೇಕು. ಬಿಚ್ಚಿ ಇಲ್ಲಿಂದ." ಬ್ಲೇಡು ಅವನ ಕೈಗಿಟ್ಟಳು. "ಆಮೇಲೆ ಆ ನೀಲಿನೂ ಬಿಚ್ಚಿ. ಇಸ್ತ್ರಿ ಅಕ್ಕ ಅದರ ಮುಂದೆ ಕೂತಿದ್ದನ್ನ ನೋಡಿದ್ದೀನಿ. ನೀವೇ ಹೋಗಿ ಕೊಟ್ಟು, ಅವಳ ಮಗ ಊರಿಗೆ ಬಂದಾಗ ಅವನಿಗೂ ಹೇಳ್ಬೇಕು. ಮಿಕ್ಕವರದ್ದು ಇರ್ಲಿ. ಅವರು ಗೊತ್ತಿದ್ದೂ ಸುಮ್ಮನಿದ್ರು."

ಕಾಲಿಂಚಣ್ಣ ಮೂವತ್ತೊಂದು ವರ್ಷದ ಹೊಲಿಗೆಯನ್ನು ನಡುವಿನಿಂದ ಬಿಚ್ಚಿದ. ಐದಿಂಚು ಕೆಂಪು ಹೂವು ಎರಡೂ ತೋಳಿಗೆ ಹಿಂದಿರುಗಿತು. ಆರನೆಯ ಇಂಚಿಗೆ ತನ್ನ ಮದುವೆಯ ಬಿಳಿ ಅಂಗಿಯ ಕೆಳಭಾಗ ಕತ್ತರಿಸಿದ. ಆ ದಿನದಿಂದ ಅಂಗಿ ಪ್ಯಾಂಟಿನೊಳಗೆ ನಿಲ್ಲುವುದನ್ನು ಬಿಟ್ಟಿತು. ಗೌನು ಅತ್ತಿಗೆಗೆ ಎಲ್ಲಿಯೂ ಹಿಡಿಸಲಿಲ್ಲ, ಗುಂಡಿ ಗುಂಡಿಗೆ ಒಂದು ಗೇಣು ದೂರ. ತೋಳು ಮಾತ್ರ ಸರಿಹೋಯಿತು. ಇದ್ದ ಬಟ್ಟೆಯ ಮೇಲೆಯೇ ಅದನ್ನು ಹಾಕಿಕೊಂಡು, ಬೀದಿಯ ಈ ತುದಿಯಿಂದ ಆ ತುದಿಗೆ ಕೈ ಬೀಸಿಕೊಂಡು ನಡೆದಳು.

ನೀಲಿ ತುಂಡನ್ನು ಇಸ್ತ್ರಿ ಅಕ್ಕ ತೆಗೆದುಕೊಂಡಳು. ಇಸ್ತ್ರಿ ಮಾಡಿ, ಮಡಚಿ, ಮಗನ ಹಳೇ ಶಾಲೆಯ ಚೀಲದೊಳಗಿಟ್ಟಳು. ಲಾರಿ ಮಗ ಬಂದಾಗ ಕಾಲಿಂಚಣ್ಣ ಹೋಗಿ ಹೇಳಿದ. ಆರಡಿಯ ಆ ಮನುಷ್ಯ ಮೇಲಿನಿಂದ ನೋಡಿ, "ಹಂಗಾದ್ರೆ ಅಮ್ಮನ ತಪ್ಪಲ್ಲ," ಎಂದನಂತೆ.

ಆಮೇಲಿನ ಹದಿನಾಲ್ಕು ವರ್ಷ ಅತ್ತಿಗೆ ದಿನವೂ ಕತ್ತರಿಸುವ ಮೇಜಿನ ಎದುರು ಕುರ್ಚಿ ಹಾಕಿಕೊಂಡು ಕೂತಳು. ಉಳಿದ ಪ್ರತಿಯೊಂದು ಎಳೆಯೂ ದಾರ ಕಟ್ಟಿಸಿಕೊಂಡು ಗಿರಾಕಿಯ ಜೊತೆ ಮನೆಗೆ ಹೋಯಿತು. ಜನರಿಗೆ ಹಳೇ ಅಭ್ಯಾಸ ಬಿಡದೆ ಎರಡರ ಕಡೆ ಎರಡೂಕಾಲೇ ತರುತ್ತಿದ್ದರಿಂದ, ಮನೆ ಮನೆಯಲ್ಲೂ ತುಂಡುಗಳ ರಾಶಿ ಬೆಳೆದು, ಹೆಡ್‌ಮಿಸ್ಸು ತಮ್ಮ ಮಂಚ ಹುಡುಕಲು ಇಬ್ಬರನ್ನು ಕರೆಸಿದರು.

ಕೌದಿಯ ಎರಡು ತೂತುಗಳಿಗೆ ತೇಪೆ ಹಾಕಲು ಅತ್ತಿಗೆ ಒಪ್ಪಲಿಲ್ಲ. ತಾನು ಬೇರೆ ಹೊದಿಕೆ ತೆಗೆದುಕೊಂಡಳು. ಕಾಲಿಂಚಣ್ಣ ಕೊನೆಯವರೆಗೂ ಅದನ್ನೇ ಹೊದ್ದ. ಹೇಗೆ ತಿರುಗಿಸಿ ಹೊದ್ದರೂ ನೀಲಿಯ ತೂತಿನಿಂದ ಅವನ ಎಡಗಾಲಿನ ಹೆಬ್ಬೆರಳು ಹೊರಗೆ ಬರುತ್ತಿತ್ತು. ನಡುವಿನ ತೂತು ಸರಿಯಾಗಿ ಎದೆಯ ಮೇಲೆ. ಚಳಿಗಾಲದಲ್ಲಿ ಅತ್ತಿಗೆ ಅಲ್ಲಿ ತನ್ನ ಅಂಗೈ ಇಡುತ್ತಿದ್ದಳಂತೆ, ಗೌನಿನ ಬಿಳಿ ಅಂಚಿನ ತೋಳನ್ನು ಒಂದಿಂಚು ಹಿಂದಕ್ಕೆ ಮಡಚಿಕೊಂಡು.